ಮಳೆನಾಡಿನ ಮನೆಗೊಂದು ವಾಲ್ವ್ ಆಂಪ್ಲಿಫೈಯರ್: ಕೊಡಗಿನಲ್ಲಿ ಕೂತು ಕಟ್ಟುವ ಬಗೆ

ಗಾಜಿನ ವಾಲ್ವ್‌ಗಳಿಂದ ಹಾಡಿನ ಸದ್ದು ದೊಡ್ಡದು ಮಾಡುವ ಈ ಆಂಪ್ಲಿಫೈಯರ್ ಕಟ್ಟಲು ಕೊಡಗಿನಲ್ಲಿ ಒಳ್ಳೆಯ ಕಾಲ ಎಂದರೆ ಫೆಬ್ರವರಿ, ಮಾರ್ಚ್. ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಗಾಳಿ ಒಣಗಿರುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಹಚ್ಚಿದ ವಾರ್ನಿಷ್ ಎರಡು ಮೂರು ದಿನದಲ್ಲಿ ಗಟ್ಟಿಯಾಗುತ್ತದೆ.

ನನ್ನ ಮೊದಲ ಆಂಪ್ಲಿಫೈಯರನ್ನು ನಾನು ಕಟ್ಟಿದ್ದು ಕಕ್ಕಡ ತಿಂಗಳ ಮಳೆಯಲ್ಲಿ. ಅಟ್ಟದ ಮೇಲಿದ್ದ ಅಜ್ಜನ ರೇಡಿಯೋದಿಂದ ವಾಲ್ವ್ ತೆಗೆದೆ. ಜೊತೆಗೆ ಚಾರ್ಜ್ ಹಿಡಿದಿಡುವ ಅದರ ಹಳೆಯ ಪೇಪರ್ ಕಂಡೆನ್ಸರ್‌ಗಳನ್ನೂ ತೆಗೆದು ನನ್ನ ಆಂಪ್ಲಿಫೈಯರಿಗೆ ಜೋಡಿಸಿದೆ. ಹತ್ತು ನಿಮಿಷ ಚೆನ್ನಾಗಿ ಹಾಡಿತು. ಆಮೇಲೆ ಔಟ್‌ಪುಟ್ ವಾಲ್ವಿನ ಒಳಗಿನ ತಗಡು ಒಲೆಯ ಕೆಂಡದ ಹಾಗೆ ಕೆಂಪಾಯಿತು. ನಾನು ಸ್ವಿಚ್ ಆರಿಸುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಮನೆ ತುಂಬಿತ್ತು. ಐವತ್ತು ಮಳೆಗಾಲದ ತೇವ ಕುಡಿದಿದ್ದ ಒಂದು ಕಂಡೆನ್ಸರ್ ಅಷ್ಟನ್ನೂ ಮಾಡಿತ್ತು. ಸರ್ಕ್ಯೂಟ್‌ನಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ಅದಕ್ಕೇ ಈ ಬರಹದಲ್ಲಿ ಸರ್ಕ್ಯೂಟ್ ಎಷ್ಟು ಮುಖ್ಯವೋ ತೇವ ಮತ್ತು ಕರೆಂಟಿನ ಏರಿಳಿತವೂ ಅಷ್ಟೇ ಮುಖ್ಯ. ನಾವು ಕಟ್ಟುವುದು ಮೂರು ವಾಲ್ವಿನ ಸ್ಟೀರಿಯೋ ಆಂಪ್ಲಿಫೈಯರ್. ಒಂದೊಂದು ಕಡೆಗೆ ಸುಮಾರು 5 ವ್ಯಾಟ್. ಒಂದು ಹಜಾರಕ್ಕೆ ಅಷ್ಟು ಧಾರಾಳ ಸಾಕು.

ವಾಲ್ವ್ ಮಾಡುವ ಕೆಲಸ

ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪ್ ನೀರನ್ನು ರಭಸವಾಗಿ ದೂಡುತ್ತಿರುತ್ತದೆ. ಗೇಟ್ ವಾಲ್ವನ್ನು ಎರಡು ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಆ ಪೂರ್ತಿ ರಭಸ ಹೆಚ್ಚು ಕಡಿಮೆ ಆಗುತ್ತದೆ. ಗಾಜಿನ ವಾಲ್ವ್ ಕೂಡ ಹಾಗೆಯೇ. ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ಹೊರಗಿನ ಪ್ಲೇಟ್‌ಗೆ 250 ವೋಲ್ಟ್ ಪ್ಲಸ್ ಕೊಟ್ಟಿರುತ್ತೇವೆ, ಅದು ಅವನ್ನು ಎಳೆದುಕೊಳ್ಳುತ್ತದೆ. ನಡುವೆ ಸಣ್ಣ ತಂತಿಯ ಜಾಲರಿ ಇದೆ, ಅದು ಗ್ರಿಡ್. ಹಾಡಿನ ಸಣ್ಣ ವೋಲ್ಟೇಜ್ ಗ್ರಿಡ್‌ಗೆ ಹೋದರೆ, ಪ್ಲೇಟಿನ ದೊಡ್ಡ ಕರೆಂಟ್ ಅದೇ ತಾಳಕ್ಕೆ ಏರಿಳಿಯುತ್ತದೆ. 1904ರಲ್ಲಿ ಫ್ಲೆಮಿಂಗ್ ಎರಡು ಕಾಲಿನ ವಾಲ್ವ್ ಮಾಡಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ನಡುವೆ ಈ ಗ್ರಿಡ್ ಸೇರಿಸಿದರು. ಧ್ವನಿ ದೊಡ್ಡದಾಗಲು ಶುರುವಾದದ್ದು ಅಲ್ಲಿಂದ.

ಕೈ ಹಾಕುವ ಮೊದಲು

ಈ ಪೆಟ್ಟಿಗೆಯೊಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಇದನ್ನು ಎಚ್‌ಟಿ ಎನ್ನುತ್ತಾರೆ. ಇದು ಜೀವ ತೆಗೆಯಬಲ್ಲದು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರುತ್ತದೆ. ಕರೆಂಟ್ ಸೋರಿದರೆ ಲೈನ್ ಕಡಿಯುವ ನಿಮ್ಮ ಮನೆಯ ಆರ್‌ಸಿಸಿಬಿ ಸ್ವಿಚ್ ಇಲ್ಲಿ ಕಾಪಾಡುವುದಿಲ್ಲ. ಏಕೆಂದರೆ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ ಹೊಡೆಯುವ ಶಾಕ್ ಅದಕ್ಕೆ ಗೊತ್ತೇ ಆಗುವುದಿಲ್ಲ.

ಪವರ್ ಇರುವಾಗ ಅಳೆಯುವುದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಮೊಸಳೆ ಕ್ಲಿಪ್‌ನಿಂದ ಚಾಸಿಗೆ (ಎಲ್ಲವನ್ನೂ ಕೂರಿಸುವ ಲೋಹದ ತಗಡಿಗೆ) ಕಚ್ಚಿಸಿ. ಬಲಗೈಯಲ್ಲಿ ಕೆಂಪು ಕಡ್ಡಿ, ಎಡಗೈ ಬೆನ್ನ ಹಿಂದೆ. ಕಾಲಲ್ಲಿ ಒಣ ರಬ್ಬರ್ ಚಪ್ಪಲಿ ಇರಲಿ. ಮಳೆಗಾಲದಲ್ಲಿ ನಮ್ಮ ಸಿಮೆಂಟ್ ನೆಲ ಬೆವರುತ್ತದೆ ಅಲ್ವಾ, ಆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸ ಮಾಡಲೇಬೇಡಿ. ಆರಿಸಿದ ಮೇಲೆ ಪ್ಲಗ್ ಕಿತ್ತು ಎರಡು ನಿಮಿಷ ಕಾಯಿರಿ. ಕಾದರೆ ಸಾಲದು. ಎಚ್‌ಟಿ 10 ವೋಲ್ಟ್‌ಗಿಂತ ಕೆಳಗೆ ಇಳಿದದ್ದನ್ನು ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಮನೆಯಲ್ಲಿ ಒಬ್ಬರೇ ಇರುವಾಗ ಪವರ್ ಹಾಕಿ ಕೆಲಸ ಮಾಡಬೇಡಿ. ಸಾಲ್ಡರಿಂಗ್ ಇದೇ ಮೊದಲು ಕಲಿಯುತ್ತಿದ್ದರೆ 12 ವೋಲ್ಟಿನ ಸಣ್ಣ ಕಿಟ್ ಒಂದೆರಡು ಕಟ್ಟಿ ಕೈ ಪಳಗಿಸಿಕೊಂಡು ಇದಕ್ಕೆ ಬನ್ನಿ.

ವಾಲ್ವ್ ಆಯ್ಕೆ

ನಮಗೆ ಬೇಕಾದದ್ದು ಎರಡು ಇಎಲ್84, ಒಂದು ಇಸಿಸಿ83. ಅಮೆರಿಕದ ಹೆಸರಿನಲ್ಲಿ ಇವೇ 6ಬಿಕ್ಯೂ5 ಮತ್ತು 12ಎಎಕ್ಸ್7. ಹೆಸರಿನಲ್ಲೇ ಸುದ್ದಿ ಇದೆ. ಮೊದಲ ಅಕ್ಷರ ‘ಇ’ ಇದ್ದರೆ ಕ್ಯಾಥೋಡನ್ನು ಕಾಯಿಸುವ ಹೀಟರ್ 6.3 ವೋಲ್ಟಿನದು. ‘ಎಲ್’ ಎಂದರೆ ಪವರ್ ಪೆಂಟೋಡ್, ಸ್ಪೀಕರಿಗೆ ಬಲ ಕೊಡುವ ಐದು ಭಾಗದ ವಾಲ್ವ್. ‘ಸಿಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟ್ ಮಾತ್ರ ಇರುವ ವಾಲ್ವ್. 8ರಿಂದ ಶುರುವಾದರೆ ಒಂಬತ್ತು ಪಿನ್ನಿನ ನೋವಲ್ ಸಾಕೆಟ್. ಇಸಿಸಿ83ರ ಎರಡು ಟ್ರಯೋಡ್‌ನಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ.

ಹಳೆಯ ರೇಡಿಯೋ ಬಿಚ್ಚಿದಾಗ ‘ಯು’ ಅಕ್ಷರದ ವಾಲ್ವ್ ಸಿಕ್ಕರೆ, ಉದಾಹರಣೆಗೆ ಯುಸಿಎಲ್82, ಅದು ಇಲ್ಲಿ ಆಗುವುದಿಲ್ಲ. ಅವುಗಳ ಹೀಟರ್‌ಗಳನ್ನು ಸರಪಳಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿ ನೇರ ಮೇನ್ಸ್‌ಗೆ ಕೊಡುತ್ತಿದ್ದರು. ಅಂಥ ರೇಡಿಯೋಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾಸಿಯಲ್ಲೇ ಕರೆಂಟ್ ಇರಬಹುದು. ಪ್ಲಗ್ ಹಾಕಿಟ್ಟು ಬಿಚ್ಚಬೇಡಿ.

ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ರೇಡಿಯೋ ವಾಲ್ವ್‌ಗಳನ್ನು ಮಾಡುತ್ತಿತ್ತು. ಆ ಮುದ್ರೆ ಇರುವ ವಾಲ್ವ್‌ಗಳು ಹಳೆಯ ಮನೆಗಳ ಅಟ್ಟದಲ್ಲಿ, ಹಳೆಯ ರಿಪೇರಿ ಅಂಗಡಿಗಳ ಡ್ರಾಯರ್‌ನಲ್ಲಿ ಇನ್ನೂ ಸಿಗುತ್ತವೆ. ನನಗೆ ಅವುಗಳ ಮೇಲೆ ತುಂಬಾ ಪ್ರೀತಿ. ನಮ್ಮ ರಾಜ್ಯದಲ್ಲೇ ಊದಿದ ಗಾಜು ಈಗಲೂ ಹಾಡುತ್ತದೆ ಎಂದರೆ ಸಣ್ಣ ಮಾತಲ್ಲ. ಕೊಳ್ಳುವ ಮೊದಲು ಗಾಜಿನ ತಲೆ ನೋಡಿ. ಅಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಕಲೆ ಇರಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ವಾಲ್ವ್ ಸತ್ತಿದೆ. ಹಳೆಯದು ಸಿಗದಿದ್ದರೆ ರಷ್ಯಾ, ಸ್ಲೊವಾಕಿಯಾ, ಚೀನಾದ ಹೊಸವು ಆನ್‌ಲೈನ್‌ನಲ್ಲಿ ಸಿಗುತ್ತವೆ. ಎರಡೂ ಇಎಲ್84 ಒಂದೇ ಕಂಪನಿಯದಾಗಿರಲಿ.

ಟ್ರಾನ್ಸ್‌ಫಾರ್ಮರ್: ಇಲ್ಲಿ ಆತುರ ಬೇಡ

ಆಂಪ್ಲಿಫೈಯರ್ ಚೆನ್ನಾಗಿ ಕೇಳಿಸುವುದೂ ಕೆಟ್ಟದಾಗಿ ಕೇಳಿಸುವುದೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ. ಇಎಲ್84ಗೆ ಸುಮಾರು 5000 ಓಮ್ ಭಾರ ಬೇಕು. ಸ್ಪೀಕರ್ ಇರುವುದು 8 ಓಮ್. ಇವೆರಡನ್ನೂ ಹೊಂದಿಸುವುದು ಈ ಟ್ರಾನ್ಸ್‌ಫಾರ್ಮರ್. 5000ವನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 25 ಬರುತ್ತದೆ. ಅಂದರೆ ಸ್ಪೀಕರ್ ಬದಿಯ ಒಂದು ಸುತ್ತಿಗೆ ವಾಲ್ವ್ ಬದಿಯಲ್ಲಿ 25 ಸುತ್ತು.

ಸಿದ್ಧವಾದದ್ದು ಕೊಳ್ಳಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಪಂಪ್ ಮೋಟಾರ್ ಸುತ್ತುವ ವೈಂಡಿಂಗ್ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿ ಸುತ್ತಿಸಿದರೆ ಖರ್ಚು ಕಡಿಮೆ, ಕೆಟ್ಟರೆ ಮತ್ತೆ ಸುತ್ತಿಸಬಹುದು. ನಾನು ಬಳಸುವ ಲೆಕ್ಕ ಇದು. ನಡುವಿನ ನಾಲಿಗೆ 25 ಮಿಲಿಮೀಟರ್ ಅಗಲ ಇರುವ ಇ-ಐ ಸ್ಟಾಂಪಿಂಗ್ (E ಮತ್ತು I ಅಕ್ಷರದ ಆಕಾರದ ಕಬ್ಬಿಣದ ತಗಡುಗಳು), 32 ಮಿಲಿಮೀಟರ್ ದಪ್ಪಕ್ಕೆ ಜೋಡಿಸಿದ್ದು. ಮೊದಲು 37 ಗೇಜ್ ಎನಾಮಲ್ ತಂತಿ 1250 ಸುತ್ತು. ಅದರ ಮೇಲೆ ಇನ್ಸುಲೇಷನ್ ಕಾಗದ. ಆಮೇಲೆ 21 ಗೇಜ್ ತಂತಿ 100 ಸುತ್ತು, ಇದು ಸ್ಪೀಕರಿಗೆ. ಮತ್ತೆ ಕಾಗದ. ಅದರ ಮೇಲೆ 37 ಗೇಜ್ ಇನ್ನೊಂದು 1250 ಸುತ್ತು, ಅದೇ ದಿಕ್ಕಿನಲ್ಲಿ. ಮೊದಲ 1250ರ ಕೊನೆಯನ್ನು ಎರಡನೆಯದರ ಮೊದಲಿಗೆ ಸೇರಿಸಿದರೆ 2500 ಆಯಿತು. ಸ್ಪೀಕರ್ ಸುತ್ತನ್ನು ನಡುವೆ ಇಡುವುದು ಯಾಕೆಂದರೆ, ಎರಡು ಸುತ್ತುಗಳು ಹತ್ತಿರವಾದಷ್ಟೂ ತಾಳದ ಚಿಂಚಿಂ ದನಿ, ಕೊಳಲಿನ ಉಸಿರು, ಇಂಥ ಮೇಲಿನ ಸ್ವರಗಳು ಮಂಕಾಗುವುದಿಲ್ಲ. ಒಂದೊಂದು ಪದರಕ್ಕೂ ತೆಳು ಕಾಗದ ಹಾಕಲು ಹೇಳಿ.

ಈಗ ಬಹಳ ಮುಖ್ಯವಾದ ಮಾತು. ಸ್ಟೆಬಿಲೈಸರ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಇ ಮತ್ತು ಐ ತಗಡುಗಳನ್ನು ಒಂದು ಈ ಕಡೆ, ಒಂದು ಆ ಕಡೆ ಹೆಣೆಯುತ್ತಾರೆ. ನಮ್ಮದರಲ್ಲಿ ಹಾಗೆ ಮಾಡಬಾರದು. ಇಲ್ಲಿ ವಾಲ್ವಿನ 48 ಮಿಲಿಆಂಪ್ ಡಿಸಿ ಯಾವಾಗಲೂ ಸುತ್ತಿನಲ್ಲಿ ಹರಿಯುತ್ತಿರುತ್ತದೆ. ಹೆಣೆದ ಕಬ್ಬಿಣ ಆ ಡಿಸಿಗೇ ತುಂಬಿಹೋಗುತ್ತದೆ, ಹಾಡಿಗೆ ಜಾಗ ಉಳಿಯುವುದಿಲ್ಲ. ಅದಕ್ಕೆ ಎಲ್ಲ ಇ ಒಂದು ಕಡೆಯಿಂದ ತುಂಬಿ, ಎಲ್ಲ ಐ ಒಟ್ಟಾಗಿ ಇನ್ನೊಂದು ಕಡೆ ಇಟ್ಟು, ನಡುವೆ ಒಂದು ಹಾಳೆ ಕಾಗದ ಇಡಬೇಕು. ಜೆರಾಕ್ಸ್ ಅಂಗಡಿಯ ಎ4 ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ, ಅದು ಸರಿಯಾಗಿ ಹೊಂದುತ್ತದೆ. ನಾನು ಇದನ್ನು ಹೇಳಿದಾಗ ವೈಂಡಿಂಗ್ ಮಾಡುವವರು, “ಅಣ್ಣ, ಗ್ಯಾಪ್ ಬಿಟ್ಟರೆ ಲೈನಿಗೆ ಹಾಕಿದಾಗ ಬಿಸಿಯಾಗುತ್ತೆ, ಹೀಗೆ ಯಾರೂ ಮಾಡಲ್ಲ” ಅಂದರು. ಮೇನ್ಸ್ ಟ್ರಾನ್ಸ್‌ಫಾರ್ಮರ್‌ಗೆ ಅವರ ಮಾತು ಸರಿ. ಇದು ಲೈನಿಗೆ ಹಾಕುವುದಲ್ಲ ಎಂದು ಬಿಡಿಸಿ ಹೇಳಿದೆ. ಕೊನೆಗೆ ತಗಡು ಜೋಡಿಸುವಾಗ ಪಕ್ಕದಲ್ಲೇ ಕೂತೆ. ನೀವೂ ಕೂತುಕೊಳ್ಳಿ.

ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುಲಭ. 230 ವೋಲ್ಟ್ ಒಳಗೆ. ಹೊರಗೆ ಒಂದು ಸುತ್ತು 200 ವೋಲ್ಟ್, 200 ಮಿಲಿಆಂಪ್. ಇನ್ನೊಂದು 6.3 ವೋಲ್ಟ್, 3 ಆಂಪ್. ಇದನ್ನು ಮಾತ್ರ ಮಾಮೂಲಿನಂತೆ ಹೆಣೆದೇ ಜೋಡಿಸಬೇಕು. 200 ವೋಲ್ಟ್ ಎಸಿಯನ್ನು ಅದನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡ್‌ಗೆ (ನಾಲ್ಕು ಡಯೋಡಿನ ಜೋಡಣೆ) ಕೊಟ್ಟರೆ ಭಾರವಿಲ್ಲದಾಗ 280ರ ಆಸುಪಾಸು, ಭಾರ ಬಿದ್ದಾಗ 255ರಿಂದ 270 ವೋಲ್ಟ್ ಡಿಸಿ ಸಿಗುತ್ತದೆ. ಇನ್ನೂ ಹೆಚ್ಚು ಬರುವ ಹಾಗೆ ಮಾಡಬಹುದಿತ್ತು. ಆದರೆ ನಮ್ಮಲ್ಲಿ ರಾತ್ರಿ ಹೊತ್ತು ಮೇನ್ಸ್ 250 ಮುಟ್ಟಿದರೂ ವಾಲ್ವ್ ತಡೆಯಬೇಕು, ಅದಕ್ಕೆ ಬೇಕೆಂದೇ ಕಡಿಮೆ ಇಟ್ಟಿದ್ದೇನೆ.

ಮೂರೂ ಟ್ರಾನ್ಸ್‌ಫಾರ್ಮರ್‌ಗೆ ವಾರ್ನಿಷ್ ಕುಡಿಸಿ. ಅದಕ್ಕೂ ಮೊದಲು ಸುತ್ತನ್ನು ಒಣಗಿಸಬೇಕು, ಇಲ್ಲವಾದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದಂತೆ. ತಗಡಿನ ಡಬ್ಬದಲ್ಲಿ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಹಾಕಿ, ಬಲ್ಬಿಗೆ ತಾಗದಂತೆ ಒಂದು ಹಗಲು ಇಟ್ಟರೆ ಸಾಕು. ಬಿಸಿ ಇರುವಾಗಲೇ ವಾರ್ನಿಷ್‌ನಲ್ಲಿ ಅದ್ದಬೇಡಿ, ಕೈ ತಡೆಯುವಷ್ಟು ಆರಲಿ. ವಾರ್ನಿಷ್ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಬೇಡ.

ಉಳಿದ ಸಾಮಾನು

ಇವೆಲ್ಲ ಮೈಸೂರಿನಲ್ಲಿ ಅಥವಾ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಒಂದೇ ಸಲ ಪಟ್ಟಿ ಮಾಡಿಕೊಂಡು ಹೋಗಿ. ಒಂದು ರೆಸಿಸ್ಟರ್ ಮರೆತು ಮತ್ತೆ ಘಟ್ಟ ಇಳಿಯುವುದು ಬೇಸರದ ಕೆಲಸ.

1ಎನ್4007 ಡಯೋಡ್ 4. ಕಂಡೆನ್ಸರ್ 450 ವೋಲ್ಟಿನವು: 47 ಮೈಕ್ರೋಫ್ಯಾರಡ್ 1, 100 ಮೈಕ್ರೋಫ್ಯಾರಡ್ 1, 22 ಮೈಕ್ರೋಫ್ಯಾರಡ್ 1. ಕ್ಯಾಥೋಡ್‌ಗೆ 220 ಮೈಕ್ರೋಫ್ಯಾರಡ್ 25 ವೋಲ್ಟ್ 2. ಕಪ್ಲಿಂಗ್‌ಗೆ, ಅಂದರೆ ಒಂದು ವಾಲ್ವಿನ ಹಾಡನ್ನು ಮುಂದಿನ ವಾಲ್ವಿಗೆ ದಾಟಿಸಲು, 0.1 ಮೈಕ್ರೋಫ್ಯಾರಡ್ 630 ವೋಲ್ಟಿನ ಪಾಲಿಪ್ರೊಪಿಲೀನ್ 2. ರೆಸಿಸ್ಟರ್‌ಗಳಲ್ಲಿ ಒಂದೊಂದು ಕಡೆಗೆ 130 ಓಮ್ 2 ವ್ಯಾಟ್, 100 ಓಮ್ 1 ವ್ಯಾಟ್, 100 ಕಿಲೋಓಮ್ 1 ವ್ಯಾಟ್, ಅರ್ಧ ವ್ಯಾಟಿನಲ್ಲಿ 1.5 ಕಿಲೋಓಮ್, 4.7 ಕಿಲೋಓಮ್, 22 ಕಿಲೋಓಮ್, 470 ಕಿಲೋಓಮ್, 1 ಮೆಗಾಓಮ್. ಎರಡೂ ಕಡೆಗೆ ಸೇರಿ 10 ಕಿಲೋಓಮ್ 1 ವ್ಯಾಟ್ ಒಂದು, 100 ಕಿಲೋಓಮ್ 3 ವ್ಯಾಟ್ ಒಂದು, ಹೀಟರ್‌ಗೆ 100 ಓಮ್ ಅರ್ಧ ವ್ಯಾಟ್ ಎರಡು. ವಾಲ್ಯೂಮ್‌ಗೆ 100 ಕಿಲೋಓಮ್ ಲಾಗ್ ಡ್ಯುಯಲ್ ಪಾಟ್. ಸಿರಾಮಿಕ್ ನೋವಲ್ ಸಾಕೆಟ್ 3, ಟ್ಯಾಗ್ ಸ್ಟ್ರಿಪ್, ಸ್ವಿಚ್, ಮೂರು ಪಿನ್ನಿನ ಮೇನ್ಸ್ ಕಾರ್ಡ್, 500 ಮಿಲಿಆಂಪ್ ಸ್ಲೋ ಫ್ಯೂಸ್ ಮತ್ತು ಅದರ ಹೋಲ್ಡರ್.

ಒಂದು ಚೋಕ್ ಬೇಕು. ಹಳೆಯ 40 ವ್ಯಾಟ್ ಟ್ಯೂಬ್‌ಲೈಟಿನ ಕಬ್ಬಿಣದ ಚೋಕ್ ಇದ್ದರೆ ಅದನ್ನೇ ಹಾಕಿ. ಅದು ಹೆಚ್ಚುಕಡಿಮೆ 1 ಹೆನ್ರಿ ಇರುತ್ತದೆ. ಎಲ್‌ಇಡಿ ಬಂದ ಮೇಲೆ ಮನೆಮನೆಯ ಮೂಲೆಯಲ್ಲಿ ಇವು ಬಿದ್ದಿವೆ. ಎಲೆಕ್ಟ್ರಾನಿಕ್ ಚೋಕ್ ಆಗುವುದಿಲ್ಲ.

ಚಾಸಿ ಮತ್ತು ಜಾಗ ಗುರುತು

ಮೇಲೆ 2 ಮಿಲಿಮೀಟರ್ ಅಲ್ಯೂಮಿನಿಯಂ ತಗಡು, ಸುತ್ತ ಮರದ ಚೌಕಟ್ಟು. ನಾನು ಹಲಸಿನ ಹಲಗೆ ಬಳಸಿದೆ. ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕೂಡ ಚೆನ್ನ, ಆದರೆ ಪೂರ್ತಿ ಒಣಗಿದ ಹಲಗೆ ಬೇಕು. ಹಸಿ ಇದ್ದರೆ ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ. ತಳಕ್ಕೆ ಇರುವೆ, ಹಲ್ಲಿ ನುಗ್ಗದಂತೆ ಸಣ್ಣ ಜಾಲರಿ ಹೊಡೆಯಿರಿ. ಬೆಚ್ಚಗಿನ ಪೆಟ್ಟಿಗೆ ಎಂದರೆ ಮಳೆಗಾಲದಲ್ಲಿ ಅವಕ್ಕೆ ಬಲು ಇಷ್ಟ.

ಮೇನ್ಸ್ ಟ್ರಾನ್ಸ್‌ಫಾರ್ಮರ್ ಒಂದು ಮೂಲೆಗೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳು ಅದರಿಂದ ದೂರಕ್ಕೆ. ತೂತು ಕೊರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಮೇನ್ಸ್ ಟ್ರಾನ್ಸ್‌ಫಾರ್ಮರ್‌ನ ಹೊರ ತುದಿಗಳನ್ನೆಲ್ಲ ಟೇಪ್ ಸುತ್ತಿ ಬೇರೆ ಬೇರೆ ಇಟ್ಟು, ಅದಕ್ಕೆ ಮಾತ್ರ ಕರೆಂಟ್ ಕೊಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 8 ಓಮ್ ತುದಿಗಳಿಗೆ ಹೆಡ್‌ಫೋನ್ ಜೋಡಿಸಿ ಕಿವಿಗಿಡಿ. 2500 ಸುತ್ತಿನ ತುದಿಗಳೂ ಟೇಪಿನೊಳಗಿರಲಿ. ಈಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮೆಲ್ಲಗೆ ತಿರುಗಿಸಿದರೆ ಒಂದು ಕೋನದಲ್ಲಿ ‘ಹೂಂ’ ಎನ್ನುವ ಸದ್ದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಹತ್ತು ನಿಮಿಷದ ಈ ಕೆಲಸ ಮುಂದೆ ವಾರಗಟ್ಟಲೆ ತಲೆನೋವು ಉಳಿಸುತ್ತದೆ.

ಇಎಲ್84 ಸುಡುವಷ್ಟು ಬಿಸಿಯಾಗುತ್ತದೆ. ಸುತ್ತ ಕನಿಷ್ಠ 3 ಸೆಂಟಿಮೀಟರ್ ಖಾಲಿ ಬಿಡಿ, ಹತ್ತಿರ ಕಂಡೆನ್ಸರ್ ಇಡಬೇಡಿ. ಮಕ್ಕಳಿರುವ ಮನೆಯಲ್ಲಿ ಮೇಲೆ ಜಾಲರಿ ಮುಚ್ಚಳ ಬೇಕೇ ಬೇಕು.

ತಂತಿ ಜೋಡಿಸುವುದು

ಮೊದಲು ಮೇನ್ಸ್. ಕಾರ್ಡಿನ ಹಸಿರು ಅರ್ತ್ ತಂತಿಯನ್ನು ಚಾಸಿಗೆ ಪ್ರತ್ಯೇಕ ಬೋಲ್ಟ್‌ನಿಂದ ಬಿಗಿಯಾಗಿ ಕಟ್ಟಿ. ಫೇಸ್ ತಂತಿ ಫ್ಯೂಸಿಗೆ, ಅಲ್ಲಿಂದ ಸ್ವಿಚ್‌ಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ.

ಆಮೇಲೆ ಹೀಟರ್. ಎರಡು ತಂತಿಯನ್ನು ಹಗ್ಗದ ಹಾಗೆ ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ. ಇಎಲ್84ರಲ್ಲಿ 4 ಮತ್ತು 5ನೇ ಪಿನ್. ಇಸಿಸಿ83ರಲ್ಲಿ 4 ಮತ್ತು 5ನ್ನು ಒಟ್ಟು ಸೇರಿಸಿ ಒಂದು ತಂತಿ, 9ಕ್ಕೆ ಇನ್ನೊಂದು ತಂತಿ. ಪಿನ್ನುಗಳನ್ನು ಸಾಕೆಟ್‌ನ ಅಡಿಯಿಂದ ನೋಡಿ, ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. 6.3 ವೋಲ್ಟಿನ ಎರಡೂ ತುದಿಯಿಂದ 100 ಓಮ್ ಒಂದೊಂದು ಗ್ರೌಂಡ್‌ಗೆ (ಮುಂದೆ ಹೇಳುವ ದಪ್ಪ ತಾಮ್ರದ ತಂತಿಗೆ). ಹೀಟರಿನ ಗುಂಯ್ ಸದ್ದು ಇದರಿಂದಲೇ ಅರ್ಧ ಹೋಗುತ್ತದೆ.

ಮೂರನೆಯದು ಎಚ್‌ಟಿ. ಬ್ರಿಡ್ಜ್‌ನಿಂದ 47 ಮೈಕ್ರೋಫ್ಯಾರಡ್, ಅಲ್ಲಿಂದ ಚೋಕ್, ಆಚೆ 100 ಮೈಕ್ರೋಫ್ಯಾರಡ್. ಈ 100ರ ಮೇಲೆಯೇ 100 ಕಿಲೋಓಮ್ 3 ವ್ಯಾಟ್ ರೆಸಿಸ್ಟರ್ ಅಡ್ಡ ಹಾಕಿ. ಆರಿಸಿದ ಮೇಲೆ ಕಂಡೆನ್ಸರ್‌ಗಳನ್ನು ಖಾಲಿ ಮಾಡುವುದು ಇದೇ, ಇದನ್ನು ಬಿಡಲೇಬಾರದು. 100 ಮೈಕ್ರೋಫ್ಯಾರಡ್‌ನ ಪ್ಲಸ್‌ನಿಂದ ಎರಡೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಎಚ್‌ಟಿ ಹೋಗುತ್ತದೆ. ಅಲ್ಲಿಂದಲೇ 10 ಕಿಲೋಓಮ್ ಮೂಲಕ 22 ಮೈಕ್ರೋಫ್ಯಾರಡ್‌ಗೆ ಹೋದದ್ದು ಇಸಿಸಿ83ಕ್ಕೆ.

ಇಎಲ್84: 7ನೇ ಪಿನ್ ಪ್ಲೇಟ್, ಅದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ತುದಿಗೆ. 9ನೇ ಪಿನ್ ಸ್ಕ್ರೀನ್ (ಪೆಂಟೋಡಿನ ಎರಡನೇ ಗ್ರಿಡ್), 100 ಓಮ್ ಮೂಲಕ ಎಚ್‌ಟಿಗೆ. 3ನೇ ಪಿನ್ ಕ್ಯಾಥೋಡ್, 130 ಓಮ್ ಮತ್ತು 220 ಮೈಕ್ರೋಫ್ಯಾರಡ್ ಎರಡೂ ಪಕ್ಕಪಕ್ಕ ಗ್ರೌಂಡ್‌ಗೆ. 2ನೇ ಪಿನ್ ಗ್ರಿಡ್, ಸಾಕೆಟ್‌ಗೆ ಅಂಟಿದಂತೆ 4.7 ಕಿಲೋಓಮ್, ಅದರ ಆಚೆ ತುದಿಯಿಂದ 470 ಕಿಲೋಓಮ್ ಗ್ರೌಂಡ್‌ಗೆ. 1, 6, 8ನೇ ಪಿನ್‌ಗಳಿಗೆ ಏನನ್ನೂ ಕಟ್ಟಬೇಡಿ.

ಇಸಿಸಿ83ರಲ್ಲಿ ಎಡಕ್ಕೆ 6 ಪ್ಲೇಟ್, 7 ಗ್ರಿಡ್, 8 ಕ್ಯಾಥೋಡ್. ಬಲಕ್ಕೆ ಅದೇ ಕ್ರಮದಲ್ಲಿ 1, 2, 3. ಪ್ಲೇಟಿಗೆ 100 ಕಿಲೋಓಮ್ ಮೂಲಕ ಎಚ್‌ಟಿ. ಪ್ಲೇಟಿನಿಂದಲೇ 0.1 ಮೈಕ್ರೋಫ್ಯಾರಡ್, ಅದರ ಆಚೆ ತುದಿ ಇಎಲ್84ರ 4.7 ಮತ್ತು 470 ಕಿಲೋಓಮ್ ಸೇರುವ ಜಾಗಕ್ಕೆ. ಕ್ಯಾಥೋಡಿನಿಂದ 1.5 ಕಿಲೋಓಮ್ ಗ್ರೌಂಡ್‌ಗೆ. ವಾಲ್ಯೂಮ್ ಪಾಟ್‌ನ ನಡು ಕಾಲು ಗ್ರಿಡ್‌ಗೆ, ಗ್ರಿಡ್‌ನಿಂದ 1 ಮೆಗಾಓಮ್ ಗ್ರೌಂಡ್‌ಗೆ. ಪಾಟ್ ಒಂದು ದಿನ ಸವೆದು ಕಾಂಟ್ಯಾಕ್ಟ್ ಬಿಟ್ಟರೂ ಗ್ರಿಡ್ ಅನಾಥವಾಗಬಾರದು, ಅದಕ್ಕೆ ಇದು.

ಗ್ರೌಂಡ್ ವಿಷಯದಲ್ಲಿ ಒಂದೇ ನಿಯಮ. ಇನ್‌ಪುಟ್‌ನಿಂದ ಎಚ್‌ಟಿ ಕಂಡೆನ್ಸರ್‌ವರೆಗೆ ದಪ್ಪ ತಾಮ್ರದ ತಂತಿ ಒಂದನ್ನು ಎಳೆದು, ಎಲ್ಲ ಗ್ರೌಂಡನ್ನೂ ಹತ್ತಿರದಲ್ಲೇ ಅದಕ್ಕೆ ಬೆಸೆಯಿರಿ. ಸ್ಪೀಕರ್ ಸುತ್ತಿನ ಒಂದು ತುದಿಯನ್ನೂ ಅದಕ್ಕೆ ಸೇರಿಸಿ. ಈ ತಾಮ್ರದ ತಂತಿಯನ್ನು ಚಾಸಿಗೆ ಒಂದೇ ಜಾಗದಲ್ಲಿ, ಇನ್‌ಪುಟ್ ಹತ್ತಿರ, ಮುಟ್ಟಿಸಿ. ಎರಡು ಕಡೆ ಮುಟ್ಟಿದರೆ ‘ಹೂಂ’ ಎನ್ನುವ ಸದ್ದು ಬಂದೇ ಬರುತ್ತದೆ.

22 ಕಿಲೋಓಮ್ ಇನ್ನೂ ಉಳಿದಿದೆ. ಅದನ್ನು ಈಗ ಬೆಸೆಯಬೇಡಿ.

ಮೊದಲ ಸಲ ಪವರ್

ಹೋಲ್ಡರಿನಲ್ಲಿ 60 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿ ಮೇನ್ಸಿಗೆ ಸೀರೀಸ್ ಆಗಿ ಜೋಡಿಸಿ. ರಿಪೇರಿ ಅಂಗಡಿಯವರೆಲ್ಲ ಇಟ್ಟುಕೊಳ್ಳುವ ಸೀರೀಸ್ ಬೋರ್ಡ್ ಇದೇ. ವಾಲ್ವ್ ಹಾಕದೆ ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಮಿಂಚಿ ಮಂದವಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆರಿಸಿ ಹುಡುಕಿ. ಎಚ್‌ಟಿ 250ರಿಂದ 290ರೊಳಗೆ ಇದೆಯಾ, ಹೀಟರ್ ಪಿನ್‌ಗಳಲ್ಲಿ 6ರಿಂದ 7 ವೋಲ್ಟ್ ಇದೆಯಾ ನೋಡಿ.

ಆರಿಸಿ, ಕಾದು, ಅಳೆದು, ಮೂರೂ ವಾಲ್ವ್ ಹಾಕಿ. ಸ್ಪೀಕರ್ ಜೋಡಿಸಿ. ಸ್ಪೀಕರ್ ಇಲ್ಲದೆ ಈ ಆಂಪ್ಲಿಫೈಯರನ್ನು ಯಾವತ್ತೂ ಓಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನೊಳಗೆ ಕಿಡಿ ಹಾರಿ ಸುಡುತ್ತದೆ. ಮೊದಲಿಗೆ ಕೆಲಸಕ್ಕೆ ಬಾರದ ಹಳೆಯ ಸ್ಪೀಕರ್ ಇರಲಿ. ಅರ್ಧ ನಿಮಿಷದಲ್ಲಿ ಹೀಟರ್ ಕೆಂಪಗೆ ಕಾಣಿಸುತ್ತದೆ. ಬಲ್ಬ್ ಸೀರೀಸ್‌ನಲ್ಲಿದ್ದಾಗ ವೋಲ್ಟೇಜ್ ಕಡಿಮೆಯೇ ತೋರಿಸುತ್ತದೆ. ಯಾವುದೂ ಬಿಸಿಯಾಗಿ ವಾಸನೆ ಬಾರದಿದ್ದರೆ ಬಲ್ಬ್ ತೆಗೆದು ನೇರ ಮೇನ್ಸ್‌ಗೆ ಹಾಕಿ ಅಳೆಯಿರಿ.

ಇಎಲ್84ರ 3ನೇ ಪಿನ್ನಿನಲ್ಲಿ 6.3ರಿಂದ 7.5 ವೋಲ್ಟ್ ಇರಬೇಕು. ಅದನ್ನು 130ರಿಂದ ಭಾಗಿಸಿದರೆ ವಾಲ್ವಿನ ಕರೆಂಟ್ ಸಿಗುತ್ತದೆ: 6.8 ವೋಲ್ಟ್ ಎಂದರೆ 52 ಮಿಲಿಆಂಪ್. ಇಸಿಸಿ83ರ 1 ಮತ್ತು 6ರಲ್ಲಿ 140ರಿಂದ 170, ಅದರ 3 ಮತ್ತು 8ರಲ್ಲಿ 1.1ರಿಂದ 1.5 ವೋಲ್ಟ್. ಕೊನೆಗೆ ಇಎಲ್84ರ 2ನೇ ಪಿನ್. ಅಲ್ಲಿ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಪ್ಲಸ್ ಕಂಡರೂ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆ ಎಂದೇ ಅರ್ಥ, ತಕ್ಷಣ ಆರಿಸಿ. ನನ್ನ ಮೊದಲ ವಾಲ್ವ್ ಕೆಂಪಾದದ್ದು ಇದರಿಂದಲೇ. ಅವತ್ತು ಈ ಒಂದು ಪಿನ್ ಅಳೆದಿದ್ದರೆ ಅಜ್ಜನ ಇಎಲ್84 ಇವತ್ತೂ ಇರುತ್ತಿತ್ತು.

ಈಗ 22 ಕಿಲೋಓಮ್. ಹಾಡು ಹಾಕಿ ಸಣ್ಣಗೆ ಕೇಳಿ. ಆರಿಸಿ, ಸ್ಪೀಕರಿನ ಗ್ರೌಂಡ್ ಅಲ್ಲದ ತುದಿಯಿಂದ ಅದೇ ಕಡೆಯ ಇಸಿಸಿ83 ಕ್ಯಾಥೋಡಿಗೆ ಈ ರೆಸಿಸ್ಟರ್ ಬೆಸೆಯಿರಿ. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಸರಿ ದಿಕ್ಕಿನಲ್ಲಿದ್ದರೆ ಸದ್ದು ಇಳಿದು ಸ್ವಚ್ಛವಾಗುತ್ತದೆ, ತಗ್ಗಿನ ಸ್ವರಗಳಿಗೆ ಹಿಡಿತ ಬರುತ್ತದೆ. ಉಲ್ಟಾ ಇದ್ದರೆ ಸ್ಪೀಕರ್ ಜೋರಾಗಿ ಕಿರುಚುತ್ತದೆ. ಗಾಬರಿ ಬೇಡ. ಆರಿಸಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ವಾಲ್ವ್ ಬದಿಯ ಎರಡು ತುದಿಗಳನ್ನು ಅದಲುಬದಲು ಮಾಡಿ. ಫೀಡ್‌ಬ್ಯಾಕ್ ಇದ್ದಾಗ ಪೂರ್ತಿ 5 ವ್ಯಾಟ್‌ಗೆ ಇನ್‌ಪುಟ್‌ನಲ್ಲಿ ಸುಮಾರು ಅರ್ಧ ವೋಲ್ಟ್ ಬೇಕು. ಮೊಬೈಲಿನ ಹೆಡ್‌ಫೋನ್ ಜಾಕ್ ಅಷ್ಟನ್ನು ಕೊಡುತ್ತದೆ.

ಮಳೆ, ಮಿಂಚು, ಕರೆಂಟು

ತೋಟದ ಮನೆಗಳಲ್ಲಿ ಲೈನ್ ಉದ್ದ. ಪಂಪ್‌ಗಳು ಓಡುವ ಹೊತ್ತಿನಲ್ಲಿ ಮೇನ್ಸ್ 180ಕ್ಕೆ ಇಳಿಯುತ್ತದೆ. ಆಗ ಹೀಟರಿಗೆ ಸಿಗುವುದು 5 ವೋಲ್ಟ್ ಮಾತ್ರ. ಕ್ಯಾಥೋಡ್ ಸರಿಯಾಗಿ ಕಾಯದೆ ಕರೆಂಟ್ ಎಳೆದರೆ ವಾಲ್ವ್ ಬೇಗ ಮುದಿಯಾಗುತ್ತದೆ. ಹೀಟರ್ ಹೆಚ್ಚೆಂದರೆ ಶೇಕಡ 10ರಷ್ಟು ಏರಿಳಿತ ತಡೆಯುತ್ತದೆ. ಟಿವಿಗೆ ಹಾಕುವಂಥ ಸಣ್ಣ ಸ್ಟೆಬಿಲೈಸರ್ ಸಾಕು, ಇದು ಎಳೆಯುವುದು ಸುಮಾರು 60 ವ್ಯಾಟ್ ಅಷ್ಟೇ.

ಇನ್ವರ್ಟರ್‌ನಲ್ಲಿ ಓಡಿಸುವುದಾದರೆ ಸೈನ್ ವೇವ್ ಇನ್ವರ್ಟರೇ ಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಮೀಟರಿನಲ್ಲಿ 230 ತೋರಿಸಿದರೂ ಅದರ ತುದಿ ಎತ್ತರ ಕಡಿಮೆ. ನಮ್ಮ ಎಚ್‌ಟಿ ಆ ತುದಿಯಿಂದಲೇ ಬರುವುದರಿಂದ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಬಿದ್ದುಹೋಗುತ್ತದೆ. ಜೊತೆಗೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತುಬಿಡಿ. ಡಿಶ್ ಬಾಕ್ಸಿನಿಂದ ಆಡಿಯೋ ತಂತಿ ಬಂದಿದ್ದರೆ ಅದನ್ನೂ ಕೀಳಿ. ಅರ್ತ್ ಪಿಟ್‌ಗೆ ಬೇಸಿಗೆಯಲ್ಲಿ ಒಂದೆರಡು ಕೊಡ ನೀರು ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಂಪ್ಲಿಫೈಯರನ್ನು ಸುಮ್ನೆ ಮೂಲೆಯಲ್ಲಿ ಬಿಡಬೇಡಿ. ದಿನಾ ಒಂದು ಗಂಟೆ ಓಡಿಸಿ. ಅದರ ಕಾವೇ ಅದನ್ನು ಒಣಗಿಸುತ್ತದೆ. ಬೆಳಿಗ್ಗೆ ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂ ಹಾಕಿಟ್ಟರೆ ನಮ್ಮ ಮನೆಯಲ್ಲಿ ಆ ಒಂದು ಗಂಟೆ ತಾನಾಗಿ ಮುಗಿಯುತ್ತದೆ. ವಾರಗಟ್ಟಲೆ ಕರೆಂಟ್ ಹೋಗಿದ್ದರೆ ಮತ್ತೆ ಮೊದಲ ಸಲ ಹಾಕುವಾಗ ಐದು ನಿಮಿಷ ಸೀರೀಸ್ ಬೋರ್ಡ್ ಮೂಲಕವೇ ಕೊಡಿ. ಸಾಕೆಟ್‌ನಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ, ವಾಲ್ವನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ.

ಸ್ಪೀಕರ್

5 ವ್ಯಾಟಿಗೆ 90 ಡೆಸಿಬೆಲ್ ಅಥವಾ ಹೆಚ್ಚು ಸೂಕ್ಷ್ಮತೆಯ 8 ಓಮ್ ಸ್ಪೀಕರ್ ಬೇಕು. ಸ್ಪೀಕರಿನ ಸೂಕ್ಷ್ಮತೆ 3 ಡೆಸಿಬೆಲ್ ಹೆಚ್ಚಿದ್ದರೆ ಆಂಪ್ಲಿಫೈಯರಿನ ವ್ಯಾಟ್ ಎರಡರಷ್ಟಾದಂತೆ. ಹಳೆಯ ಪೇಪರ್ ಕೋನಿನ 8 ಇಂಚಿನ ಸ್ಪೀಕರ್‌ಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಕೋನಿಗೆ ಬೂಸ್ಟು ಹಿಡಿದಿಲ್ಲ ಎಂದು ನೋಡಿಕೊಳ್ಳಿ. ಪುತ್ತರಿ ಹಬ್ಬದ ದಿನ ಧ್ವನಿಮುದ್ರಿಸಿಕೊಂಡಿದ್ದ ದುಡಿ ಹಾಡನ್ನು ನಾನು ಮೊದಲು ಇದರಲ್ಲಿ ಹಾಕಿದೆ. ದುಡಿಯ ಚರ್ಮಕ್ಕೆ ಕೋಲು ತಾಗುವ ಸದ್ದೇ ಬೇರೆ, ಅದರ ಹಿಂದೆ ಹೊರಡುವ ನಾದವೇ ಬೇರೆ ಎಂದು ಎರಡೂ ಬಿಡಿಬಿಡಿಯಾಗಿ ಕೇಳಿಸಿತು. ಪಕ್ಕದ ಕೋಣೆಯಿಂದ ಅಮ್ಮ ಎದ್ದು ಬಂದು, “ಯಾರು ಮಗ ಹಾಡ್ತಿರೋದು?” ಎಂದು ಕೇಳಿದರು.

ಒಂದು ತಿಂಗಳು ಓಡಿದ ಮೇಲೆ ಇಎಲ್84ರ 2 ಮತ್ತು 3ನೇ ಪಿನ್‌ಗಳನ್ನು ಇನ್ನೊಮ್ಮೆ ಅಳೆದು, ತಳದ ಹಲಗೆಯ ಒಳಬದಿಯಲ್ಲಿ ತಾರೀಖಿನ ಜೊತೆ ಬರೆದಿಡಿ. ಮುಂದಿನ ವರ್ಷ ಮಳೆ ಶುರುವಾಗುವ ಮೊದಲು ಮತ್ತೆ ಅಳೆಯುವಾಗ ಆ ಅಂಕಿ ಬೇಕಾಗುತ್ತದೆ.